ಕೆಂಚಿಯ ಸಂಸಾರ

ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಸಂಪಾದಕರು ಎರಡು ಸಂಚಿಕೆಗಳಿಂದ ಕೇಳುತ್ತಲೇ ಇದ್ದರು. "ಯಾವ ವಿಷಯವಾದರೂ ಆದೀತೆ?" ಎಂದೆ. "ಧಾರಾಳವಾಗಿ" ಎಂದರು. "ಕೋಳಿ?" ಎಂದೆ. ಫೋನಿನ ಆ ಕೊನೆಯಲ್ಲಿ ಸ್ವಲ್ಪ ಹೊತ್ತು ಮೌನ. "ಅಡಿಗೆಯ ಪುಟ ಹೆಂಗಸರ ವಿಭಾಗಕ್ಕೆ ಸೇರಿದ್ದಲ್ಲವೆ?" ಎಂದರು. ಅಡಿಗೆಯಲ್ಲ ಸ್ವಾಮಿ, ಸಂಸಾರ ಎಂದು ಬಿಡಿಸಿ ಹೇಳಬೇಕಾಯಿತು.

ಕೋಳಿ ಎಂದೊಡನೆ ಓದುಗರಲ್ಲಿ ಕೆಲವರು ಮೂಗು ಮುಚ್ಚಿಕೊಂಡಾರು, ಕೆಲವರ ಬಾಯಲ್ಲಿ ನೀರೂರೀತು. ಎರಡೂ ಪಕ್ಷದವರ ಕ್ಷಮೆ ಕೇಳಿ ಮುಂದುವರಿಯುತ್ತೇನೆ.

ನಾನು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನವನು. 2011ರಿಂದ ಹೈದರಾಬಾದಿನಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ನಾವು ಬಾಡಿಗೆಗಿರುವ ಮನೆ ಅಲ್ವಾಲದ ಕಡೆ, ಹಳೆಯ ಕಾಲದ್ದು. ಮಳೆ ಬಂದರೆ ಅಡಿಗೆಮನೆ ಸೋರುತ್ತದೆ. ಆದರೂ ಅದನ್ನು ಬಿಡದಿರುವುದಕ್ಕೆ ಕಾರಣ ಅದರ ಹಿತ್ತಿಲು. ಒಂದು ನುಗ್ಗೆಮರ, ಒಂದು ಒಗೆಯುವ ಕಲ್ಲು, ಮೂರು ಕಡೆ ಕಾಂಪೌಂಡು ಗೋಡೆ, ಮೂಲೆಯಲ್ಲಿ ಒಂದು ತಿಪ್ಪೆ. ಮನೆಯ ಒಡತಿ ನಿವೃತ್ತ ಉಪಾಧ್ಯಾಯಿನಿ. ನಾವು ಅವರನ್ನು ಟೀಚರಮ್ಮ ಎನ್ನುತ್ತೇವೆ. ಕೋಳಿ ಸಾಕಲು ಅವರ ಅಪ್ಪಣೆ ಕೇಳಿದಾಗ, ವಾರಕ್ಕೆ ನಾಲ್ಕು ಮೊಟ್ಟೆ ಎಂಬ ಕರಾರಿನ ಮೇಲೆ ಒಪ್ಪಿದರು. ಅವರ ಬಾಯಲ್ಲಿ ಹುಂಜ ಪುಂಜು, ನಮ್ಮ ಹ್ಯಾಟೆ ಪೆಟ್ಟ, ನಮ್ಮ ಪಿಳ್ಳೆ ಪಿಲ್ಲ. ಬಿ.ಎ.ಯಲ್ಲಿ ಹಳಗನ್ನಡದ ಪಕಾರ ಹಕಾರವಾದ ಕಥೆಯನ್ನು ಬಾಯಿಪಾಠ ಮಾಡಿದ್ದೆ. ಅದರ ಉಪಯೋಗ ನನಗೆ ಕಂಡದ್ದು ಹನ್ನೆರಡು ವರ್ಷದ ನಂತರ, ಈ ಹಿತ್ತಿಲಿನಲ್ಲಿ.

ನಮ್ಮ ಮಂದೆ ದೊಡ್ಡದೇನಲ್ಲ. ನಾಲ್ಕು ಹ್ಯಾಟೆ, ಒಂದು ಹುಂಜ. ಎರಡು ಹ್ಯಾಟೆಗಳು ವನರಾಜ ತಳಿಯವು. ಇದೇ ಊರಿನ ರಾಜೇಂದ್ರನಗರದ ಕೋಳಿ ಸಂಶೋಧನಾ ಕೇಂದ್ರದವರು ಹಿತ್ತಿಲಲ್ಲಿ ಸಾಕಲೆಂದೇ ಬೆಳೆಸಿದ ತಳಿ ಅದು. ನಮ್ಮ ಹೆಬ್ಬಾಳದವರ ಗಿರಿರಾಜ ಇದೆಯಲ್ಲ, ಅದರ ಹಾಗೆ. ಉಳಿದೆರಡು ಸಂತೆಯಿಂದ ತಂದ ನಾಟಿ ಕೋಳಿಗಳು. ಹೆಸರಿಟ್ಟವಳು ನನ್ನ ಮಗಳು. ವನರಾಜಗಳಲ್ಲಿ ಭಾರಿಯಾದದ್ದು ದೊಡ್ಡಕ್ಕ, ಇನ್ನೊಂದು ಚಿಕ್ಕಕ್ಕ. ನಾಟಿಗಳಲ್ಲಿ ಒಂದು ಚುಕ್ಕಿ, ಇನ್ನೊಂದು ಕೆಂಚಿ. ಹುಂಜನಿಗೆ ಹೆಸರಿಲ್ಲ, ಅವನಿಗೆ ಅದರ ಅಗತ್ಯವೂ ಕಂಡಿಲ್ಲ.

ಕೋಳಿಗಳಲ್ಲಿ ಸಮಾನತೆ ಎಂಬುದಿಲ್ಲ. ಮೊದಲನೆಯದು ಎರಡನೆಯದನ್ನು ಕುಕ್ಕಬಹುದು, ಎರಡನೆಯದು ಮೂರನೆಯದನ್ನು; ಕೊನೆಯದಕ್ಕೆ ಕುಕ್ಕಲು ಯಾರೂ ಇಲ್ಲ. ನಾರ್ವೆ ದೇಶದ ಶೆಲ್ಡರಪ್-ಎಬ್ಬೆ ಎಂಬಾತ ಚಿಕ್ಕಂದಿನಿಂದ ಕೋಳಿಗಳನ್ನು ನೋಡಿ ನೋಡಿ ಈ ಕುಕ್ಕುವ ಸರದಿಯನ್ನು ಕಂಡುಹಿಡಿದು 1922ರಲ್ಲಿ ಪ್ರಕಟಿಸಿದನಂತೆ. ಆತ ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಒಂದು ತಿಂಗಳು ಕುಳಿತಿದ್ದರೆ ಕೋಳಿ ಸಾಕುವ ಖರ್ಚು ಉಳಿಯುತ್ತಿತ್ತು. ಅದಿರಲಿ, ನಮ್ಮ ಹಿತ್ತಿಲಿನ ಸರದಿಯಲ್ಲಿ ದೊಡ್ಡಕ್ಕ ಮೊದಲು, ಕೆಂಚಿ ಕೊನೆ. ಬೆಳಿಗ್ಗೆ ನುಚ್ಚು ಚೆಲ್ಲಿದರೆ ಮೂವರೂ ತಿಂದು ಸರಿಯುವವರೆಗೆ ಕೆಂಚಿ ಒಗೆಯುವ ಕಲ್ಲಿನ ಮರೆಯಲ್ಲಿ ಒಂಟಿಕಾಲಿನ ಮೇಲೆ ನಿಂತಿರುತ್ತಿತ್ತು. ಅದರ ತಲೆಯ ಹಿಂದೆ ಒಂದು ಕಡೆ ಪುಕ್ಕವೇ ಇರಲಿಲ್ಲ.

2023ರ ದೀಪಾವಳಿ ಕಳೆದ ಮೇಲೆ ಅವ್ವನನ್ನು ಊರಿನಿಂದ ಕರೆತಂದೆ. ಎರಡು ಕಣ್ಣಿಗೂ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣದ ಸ್ಥಿತಿ. ಇಲ್ಲಿ ತೋರಿಸಿದರೆ, ಸಕ್ಕರೆ ಬಹಳ ಏರಿದೆ, ಅದು ಇಳಿದ ಮೇಲೆಯೇ ಶಸ್ತ್ರಚಿಕಿತ್ಸೆ ಎಂದರು. ಒಂದು ವಾರಕ್ಕೆಂದು ಬಂದವಳು ಎರಡು ತಿಂಗಳಿಗೂ ಮೀರಿ ನಿಲ್ಲಬೇಕಾಯಿತು. ಅವ್ವನಿಗೆ ಟಿ.ವಿ. ಕಾಣುವುದಿಲ್ಲ, ನೆರೆಹೊರೆಯವರ ಮಾತು ತಿಳಿಯುವುದಿಲ್ಲ. ಹಿತ್ತಿಲ ಮೆಟ್ಟಿಲೇ ಅವಳ ಜಾಗವಾಯಿತು. ನಾಲ್ಕನೆಯ ದಿನ ನಾನು ಕಚೇರಿಯಿಂದ ಬಂದು ಬೂಟು ಬಿಚ್ಚುತ್ತಿರುವಾಗ ಅಂದಳು:

"ನಿನ್ನ ಒಂದು ಹ್ಯಾಟೆ ಕಾವಿಗೆ ಕೂತದೆ ಕಣಪ್ಪ. ದನಿ ಬದಲಾಗದೆ."

ಹೋಗಿ ನೋಡಿದರೆ ಗೂಡಿನ ಮೂಲೆಯ ಬುಟ್ಟಿಯಲ್ಲಿ ಕೆಂಚಿ ರೊಟ್ಟಿಯಂತೆ ಚಪ್ಪಟೆಯಾಗಿ ಹರಡಿಕೊಂಡು ಕುಳಿತಿತ್ತು. ಕೈ ಹಾಕಿದೆ. ಎಂದೂ ಯಾರಿಗೂ ಎದುರಾಡದ ಕೆಂಚಿ ಮೈಯೆಲ್ಲ ಉಬ್ಬಿಸಿ ಕೊರ್ರೆಂದು ಗುರುಗುಟ್ಟಿ ನನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕುಕ್ಕಿತು.

ಕಾವಿನ ಕೋಳಿ ಈಗ ಅಪರೂಪ. ಕಾವಿಗೆ ಕುಳಿತ ಹ್ಯಾಟೆ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಒಂದು ರಸ ಏರಿ ಹೀಗಾಗುತ್ತದಂತೆ. ಹಾಲೂಡುವ ಪ್ರಾಣಿಗಳಲ್ಲಿ ಹಾಲು ಬರಿಸುವ ರಸವೂ ಅದೇ. ಮೊಟ್ಟೆಯ ವ್ಯಾಪಾರಕ್ಕೆ ಇದರಿಂದ ನಷ್ಟ. ಆದ್ದರಿಂದ ತಳಿ ಬೆಳೆಸುವವರು ಕಾವಿನ ಗುಣವಿಲ್ಲದ ಕೋಳಿಗಳನ್ನೇ ತಲೆತಲಾಂತರ ಆರಿಸುತ್ತ ಬಂದರು. ನಮ್ಮ ದೊಡ್ಡಕ್ಕ, ಚಿಕ್ಕಕ್ಕ ಒಂದು ದಿನವೂ ಕಾವಿಗೆ ಕುಳಿತವಲ್ಲ. ಯಂತ್ರದಲ್ಲಿ ಹುಟ್ಟಿ, ದೀಪದ ಶಾಖದಲ್ಲಿ ಬೆಳೆದು, ತಾಯಿಯನ್ನು ಕಾಣದೆ ದೊಡ್ಡವಾದವು.

ಅವ್ವ ಕೈತಡವಿನಲ್ಲೇ ಎಲ್ಲ ಏರ್ಪಾಡು ಮಾಡಿದಳು. ಅಗಲವಾದ ಮಂಕರಿ, ಕೆಳಗೆ ಬೂದಿ, ಅದರ ಮೇಲೆ ಹುಲ್ಲು, ಹೇನಾಗದಿರಲೆಂದು ಒಂದು ಹಿಡಿ ಬೇವಿನ ಸೊಪ್ಪು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಲ ಚೂರು, ಒಂದು ಕಬ್ಬಿಣದ ಮೊಳೆ. ನಾನು ನಕ್ಕೆ. "ನಗು ನಗು" ಅಂದಳು. ಮೊಟ್ಟೆ ಬೆಸವಾಗಿರಬೇಕೆಂದೂ ಅವಳದೇ ಶಾಸನ, ಹನ್ನೊಂದು ಇಟ್ಟೆವು. ಕೆಂಚಿಯವು ಐದೇ. ಉಳಿದವು ಚುಕ್ಕಿಯವು ಮೂರು, ದೊಡ್ಡಕ್ಕನವು ಮೂರು. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳು ಒಂದೇ ದಿನ ಹೇಗೆ ಒಡೆದಾವು ಎಂಬ ಸಂದೇಹ ನನ್ನಾಕೆಗೆ ಬಂತು. ಅದರಲ್ಲಿಯೇ ಇರುವುದು ಹಿಕ್ಮತ್ತು. ಕಾವು ತಾಗುವವರೆಗೆ ಮೊಟ್ಟೆ ಸುಮ್ಮನಿರುತ್ತದೆ. ತಾಗಿದ ಗಳಿಗೆಯಿಂದ ಒಳಗಿನ ಜೀವದ ಗಡಿಯಾರ ಹೊರಡುತ್ತದೆ. ಅಲ್ಲಿಂದ ಇಪ್ಪತ್ತೊಂದು ದಿನ.

ಆ ಇಪ್ಪತ್ತೊಂದು ದಿನ ಕೆಂಚಿ ಮಾಡಿದ್ದು ನೋಡುವವರಿಗೆ ಏನೂ ಅಲ್ಲ. ಸುಮ್ಮನೆ ಕುಳಿತಿತ್ತು. ಎದೆಯ ಪುಕ್ಕ ಉದುರಿ, ಬರಿಯ ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತಿತ್ತು. ಯಂತ್ರದಲ್ಲಾದರೆ ಮೂವತ್ತೇಳೂವರೆ ಡಿಗ್ರಿಯಲ್ಲಿ ಶಾಖ ಹಿಡಿದು ನಿಲ್ಲಿಸಬೇಕು, ಮೊಟ್ಟೆಗಳನ್ನು ಹೊತ್ತುಹೊತ್ತಿಗೆ ತಿರುಗಿಸಬೇಕು. ಕೆಂಚಿ ಅದನ್ನೆಲ್ಲ ಥರ್ಮಾಮೀಟರಿಲ್ಲದೆ ಕೊಕ್ಕಿನಿಂದಲೇ ನಡೆಸಿತು. ದಿನಕ್ಕೊಮ್ಮೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ, ಹೊರಗೆ ಬಂದು ಗಡಿಬಿಡಿಯಿಂದ ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಓಡುತ್ತಿತ್ತು. ನಮ್ಮ ಕಚೇರಿಯ ಊಟದ ವಿರಾಮ ಅದಕ್ಕಿಂತ ದೀರ್ಘ.

ಏಳನೆಯ ರಾತ್ರಿ ಮೊಬೈಲಿನ ಬೆಳಕನ್ನು ಮೊಟ್ಟೆಯ ಬೆನ್ನಿಗೆ ಹಿಡಿದು ಮಗಳಿಗೆ ತೋರಿಸಿದೆ. ಕೆಂಪು ನರಗಳು ಜೇಡರ ಕಾಲಿನಂತೆ ಹಬ್ಬಿದ್ದವು. ಎರಡು ಮೊಟ್ಟೆ ಬರಿದಾಗಿದ್ದವು, ತೆಗೆದೆವು. ಇಪ್ಪತ್ತನೆಯ ದಿನ ಸಂಜೆ ಅವ್ವ ಒಂದು ಮೊಟ್ಟೆಯನ್ನು ಕಿವಿಗಿಟ್ಟುಕೊಂಡು, "ಒಳಗೆ ಕೂಗ್ತಾ ಅದೆ" ಅಂದಳು. ನಾನೂ ಕೇಳಿದೆ. ಸಣ್ಣ ಚಿಂವ್ ಚಿಂವ್. ಆಚೆ ಮಂಕರಿಯಲ್ಲಿ ಕೆಂಚಿ ಗಂಟಲಲ್ಲೇ ಕುರ್ ಕುರ್ ಎಂದು ಉತ್ತರ ಕೊಡುತ್ತಿತ್ತು. ಇನ್ನೂ ಮುಖ ನೋಡಿಲ್ಲ, ಮಾತು ಆಗಲೇ ಆರಂಭ.

ಮರುದಿನ ಎಂಟು ಮರಿ ಒಡೆದವು. ಒಂಬತ್ತನೆಯದು ಒಡೆಯಲಿಲ್ಲ. ಎರಡು ದಿನ ಕೆಂಚಿ ಮೇಲೆ ಏಳಲಿಲ್ಲ. ಮರಿಗಳಿಗೆ ಏನೂ ತಿನ್ನಿಸಲಿಲ್ಲ. ನನ್ನ ಮಗಳು ಗಾಬರಿಯಾದಳು. ಗಾಬರಿಗೆ ಕಾರಣವಿಲ್ಲ. ಮೊಟ್ಟೆಯೊಡೆಯುವ ಮುಂಚೆ ಮರಿ ಉಳಿದ ಹಳದಿಯನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಎರಡು ದಿನದ ಬುತ್ತಿ ಕಟ್ಟಿಕೊಂಡೇ ಹೊರಟಿರುತ್ತದೆ. ಹಿಂದುಳಿದವರು ಬರುವವರೆಗೆ ಮುಂದೆ ಬಂದವರು ಕಾಯಬಹುದಾದದ್ದು ಈ ಬುತ್ತಿಯಿಂದಲೇ.

ಇನ್ನು ಮನೆಯಲ್ಲಿ ನಡೆದ ವ್ಯಾಜ್ಯ. ಮರಿಗಳನ್ನೂ ತಾಯಿಯನ್ನೂ ಮಂದೆಯಿಂದ ಬೇರ್ಪಡಿಸಿ, ಜಾಲರಿ ಕಟ್ಟಿ, ಒಂದೂವರೆ ತಿಂಗಳು ಪ್ರತ್ಯೇಕವಾಗಿ ಸಾಕಬೇಕೆಂದು ನನ್ನ ಅಭಿಪ್ರಾಯ. ವಿಡಿಯೋಗಳನ್ನು ನೋಡಿ, ಟಿಪ್ಪಣಿ ಮಾಡಿಕೊಂಡು, ಜಾಲರಿಯನ್ನೂ ತಂದಿದ್ದೆ. ಅವ್ವ, "ಮಂದೆ ಒಳಗೇ ಬಿಡು" ಅಂದಳು.

"ದೊಡ್ಡಕ್ಕ ಕುಕ್ಕಿ ಕೊಂದರೆ?"

"ಅವ್ವ ಇಲ್ವೇನು ಅವಕ್ಕೆ? ಈಗ ಬೇರೆ ಇಟ್ಟು ಆಮೇಲೆ ತಂದು ಬಿಡು, ಆಗ ಕುಕ್ತವೆ. ಯಾವ ಊರಿನವು ಅಂತವೆ."

ನನ್ನಾಕೆ ಎರಡೂ ಕಡೆಗೆ ತಲೆದೂಗಿದಳು. ಕೊನೆಗೆ ಒಪ್ಪಂದವಾಯಿತು. ಮೂರು ದಿನ ಕೆಂಚಿ ಹಿತ್ತಿಲ ನಡುವೆ ಬೋರಲು ಹಾಕಿದ ದೊಡ್ಡ ಪಂಜರದೊಳಗೆ. ಮರಿಗಳು ಸಂದಿಯಿಂದ ಹೊರಗೆ ಬಂದು ಒಳಗೆ ಹೋಗಬಹುದು. ಮಂದೆಯವು ನೋಡಲಿ, ಅಭ್ಯಾಸವಾಗಲಿ. ನಾಲ್ಕನೆಯ ದಿನ ಪಂಜರ ಎತ್ತುವುದು. ಈ ಕ್ರಮ ಒಳ್ಳೆಯದೆಂದು ಈಗ ನಾನೂ ಹೇಳುತ್ತೇನೆ. ಜಾಲರಿ ಅಟ್ಟದ ಮೇಲಿದೆ, ಬೇಕಾದವರು ಒಯ್ಯಬಹುದು.

ನಾಲ್ಕನೆಯ ದಿನ ಭಾನುವಾರ. ನಾನು ಕೈಯಲ್ಲಿ ಕೋಲು ಹಿಡಿದು ನಿಂತೆ, ನನ್ನಾಕೆ ಪಂಜರ ಎತ್ತಿದಳು. ಕೆಂಚಿ ಎಂಟು ಮರಿಗಳೊಂದಿಗೆ ಹೊರಟು ನೇರವಾಗಿ ನುಚ್ಚು ಚೆಲ್ಲುವ ಜಾಗಕ್ಕೆ ಬಂತು. ದೊಡ್ಡಕ್ಕ ಅಲ್ಲಿತ್ತು. ಹತ್ತಿರ ಬಂದ ಒಂದು ಮರಿಯನ್ನು ಕತ್ತು ಓರೆ ಮಾಡಿ ನೋಡಿ ಒಂದು ಪೆಟ್ಟು ಕುಕ್ಕಿತು. ಆ ಮರಿ ಬಣ್ಣದಲ್ಲೂ ಗಾತ್ರದಲ್ಲೂ ದೊಡ್ಡಕ್ಕನ ಮೊಟ್ಟೆಯದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಅದು ದೊಡ್ಡಕ್ಕನಿಗೆ ಗೊತ್ತಿರಲಿಲ್ಲ. ಕೆಂಚಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮುಂದೆ ಆದದ್ದನ್ನು ಕಣ್ಣಿಂದ ಹಿಡಿಯುವುದು ಕಷ್ಟವಾಯಿತು. ಕೆಂಚಿ ತನ್ನ ಎರಡರಷ್ಟಾಗಿತ್ತು. ರೆಕ್ಕೆ ನೆಲಕ್ಕೆ ಬಡಿಯುತ್ತಿತ್ತು. ಪುಕ್ಕ ಗಾಳಿಯಲ್ಲಿ ಹಾರುತ್ತಿತ್ತು. ದೊಡ್ಡಕ್ಕ ಒಗೆಯುವ ಕಲ್ಲಿನ ಮೇಲಿತ್ತು. ಚಿಕ್ಕಕ್ಕ ಕೇಳದೆಯೇ ಮೂಲೆಗೆ ಸರಿದಿತ್ತು. ಹುಂಜ ಎರಡು ಹೆಜ್ಜೆ ಹಿಂದೆ ನಿಂತು ಬೇರೆ ಕಡೆ ನೋಡುತ್ತಿದ್ದ. ವರ್ಷವಿಡೀ ಕೊನೆಯಲ್ಲಿ ತಿಂದ ಕೆಂಚಿ ಅಂದು ಎಂಟು ಮರಿಗಳನ್ನು ಕರೆದು, ಮಂದೆಯ ಎದುರಿಗೇ, ನುಚ್ಚಿನ ನಟ್ಟನಡುವೆ ನಿಂತಿತು.

"ಏನಾಯ್ತು, ಏನಾಯ್ತು?" ಎಂದು ಮೆಟ್ಟಿಲ ಮೇಲಿಂದ ಅವ್ವ. ಹೇಳಿದೆ. "ಹ್ಞೂಂ" ಅಂದಳು.

ನಮ್ಮ ತಂದೆ ತೀರಿಕೊಂಡದ್ದು 1997ರಲ್ಲಿ, ನನಗೆ ಒಂಬತ್ತು ವರ್ಷ. ದೊಡ್ಡಪ್ಪನ ಒಟ್ಟುಕುಟುಂಬದಲ್ಲಿ ಇಪ್ಪತ್ತೊಂದು ಜನ. ಆ ಅಡಿಗೆಮನೆಯಲ್ಲಿ ಅವ್ವನದು ಕೊನೆಯ ಸರದಿ. ಎಲ್ಲರ ಮುದ್ದೆ ಮುಗಿದ ಮೇಲೆ ಪಾತ್ರೆಯ ತಳದ ಸೀಕು ಅವಳದು. ಅದಕ್ಕೆ ಅವಳು ಒಂದು ದಿನ ಬಾಯಿ ತೆರೆದವಳಲ್ಲ. ಆದರೆ ಏಳನೆಯ ತರಗತಿ ಮುಗಿದಾಗ, ಇವನು ಇನ್ನು ಗದ್ದೆಗೆ ಬರಲಿ ಎಂದು ದೊಡ್ಡಪ್ಪ ತೀರ್ಮಾನಿಸಿದ ರಾತ್ರಿ, ನಡುಮನೆಗೆ ಬಂದು ಅಷ್ಟು ಗಂಡಸರ ಎದುರು, "ನನ್ನ ಮಗ ಓದ್ತಾನೆ" ಅಂದಳು. ಎರಡನೆಯ ಮಾತಿಲ್ಲ. ನಾನು ಕಂಬದ ಹಿಂದೆ ಇದ್ದೆ. ಆ ದಿನ ಅವಳು ಎಷ್ಟು ಎತ್ತರ ಕಂಡಳೆಂದರೆ, ಅವ್ವ ಕುಳ್ಳಿ ಎಂಬುದು ನನಗೆ ತಿಳಿದದ್ದೇ ಬಹಳ ವರ್ಷದ ಮೇಲೆ.

ಕಣ್ಣು ಕಾಣದ ಅವ್ವ ಆ ಏಳು ವಾರ ಹಿತ್ತಿಲನ್ನು ಕಿವಿಯಲ್ಲಿ ನೋಡಿದಳು. ನಾನು ಮೂರು ವರ್ಷ ಕೋಳಿ ಸಾಕಿದ್ದವನು ಕೇಳದೇ ಇದ್ದದ್ದನ್ನು ಅವಳಿಂದ ಕಲಿತೆ. ನಡೆಯುವಾಗ ಕೆಂಚಿ ಒಂದೇ ಸಮನೆ ಕ್ಲುಕ್ ಕ್ಲುಕ್ ಎನ್ನುತ್ತಿರುತ್ತದೆ: ನಾನಿಲ್ಲಿದ್ದೇನೆ, ಹಿಂದೆ ಬನ್ನಿ. ಗೆದ್ದಲೋ ಹುಳುವೋ ಸಿಕ್ಕಿದರೆ ಸ್ವರ ಮೇಲೇರಿ ಬೇಗಬೇಗ ಟುಕ್ ಟುಕ್ ಟುಕ್. ಅದನ್ನು ಕೊಕ್ಕಿನಲ್ಲಿ ಎತ್ತುತ್ತದೆ, ಬಿಡುತ್ತದೆ, ಎತ್ತುತ್ತದೆ, ಬಿಡುತ್ತದೆ. ಮರಿಗಳು ಓಡಿಬಂದು ಕಿತ್ತುಕೊಳ್ಳುತ್ತವೆ. ತಾನು ತಿನ್ನುವುದಿಲ್ಲ. ಕೋಳಿಮರಿಗೆ ಯಾರೂ ಬಾಯಿಗೆ ತುತ್ತಿಡುವುದಿಲ್ಲ. ಇದು ತಿನ್ನುವಂಥದು ಎಂದು ತೋರಿಸುತ್ತಾರೆ ಅಷ್ಟೆ. ನೆಲದ ಮೇಲೆ ಬೆಕ್ಕು ಮುಂಗುಸಿ ಕಂಡರೆ ಕಟಕಟ ಕಟಾರ್ ಎಂಬ ಬಯ್ಗುಳ. ಹುಂಜನೂ ಮಂದೆಯೆಲ್ಲವೂ ದನಿಗೂಡಿಸುತ್ತವೆ. ಆಕಾಶದಲ್ಲಿ ಹದ್ದು ಕಂಡರೆ ಮಾತ್ರ ಬೇರೆ. ಒಂದೇ ಒಂದು ಸಣ್ಣ ಎಳೆದ ದನಿ. ಅಷ್ಟಕ್ಕೇ ಎಲ್ಲ ಸ್ತಬ್ಧ. ಮರಿಗಳು ತಾಯಿಯ ಅಡಿಯಲ್ಲಿ, ಇಲ್ಲವೆ ಕಲ್ಲಿನ ಸಂದಿಯಲ್ಲಿ. "ಮೇಲೆ ನೋಡು, ಹದ್ದು" ಎಂದು ಅವ್ವ ಅಂದಾಗಲೆಲ್ಲ ನಾನು ತಲೆಯೆತ್ತಿದೆ. ಒಮ್ಮೆ ವಿಮಾನವಾಗಿತ್ತು, ಉಳಿದಂತೆ ಹದ್ದೇ.

ಒಂದು ದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ಓದಿದೆ. 2011ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ತಾಯಿಕೋಳಿಗಳ ಎದುರು ಅವುಗಳ ಮರಿಗಳ ಮೇಲೆ ಫೂ ಎಂದು ಗಾಳಿ ಹಾಯಿಸಿ ನೋಡಿದರಂತೆ. ಮರಿಗಳಿಗೆ ಕಿರಿಕಿರಿಯಾದೊಡನೆ ತಾಯಿಯ ಎದೆ ಬಡಿತ ಏರಿತಂತೆ, ಕಣ್ಣಿನ ಬಿಸಿ ಇಳಿಯಿತಂತೆ, ಮರಿಗಳನ್ನು ಕರೆಯುವುದು ಹೆಚ್ಚಾಯಿತಂತೆ. ಗಾಳಿ ತಾಯಿಗೇ ತಾಗಿದಾಗ ಎದೆ ಬಡಿತ ಏರುವುದೂ ಕರೆಯುವುದು ಹೆಚ್ಚುವುದೂ ಆಗಲಿಲ್ಲವಂತೆ. ಸಂಜೆ ಇದನ್ನು ಬಹಳ ಉತ್ಸಾಹದಿಂದ ಅವ್ವನಿಗೆ ಹೇಳಿದೆ. ಅವಳು ಕೇಳಿ, "ಪಾಪ, ಆ ಮರಿಗಳಿಗೆ ಗಾಳಿ ಯಾಕೆ ಊದಿದರು?" ಅಂದಳು.

ಎಂಟೂ ಉಳಿಯಲಿಲ್ಲ. ಎರಡನೆಯ ವಾರದಲ್ಲಿ ಒಂದನ್ನು ಕಾಗೆ ಒಯ್ದಿತು. ಕಾಗೆಯನ್ನು ಕೆಂಚಿ ಗೋಡೆಯವರೆಗೂ ಅಟ್ಟಿಸಿಕೊಂಡು ಹೋಯಿತು. ಅಷ್ಟರಲ್ಲಿ ಇನ್ನೊಂದು ಕಾಗೆ ಹಿಂದಿನಿಂದ ಬಂದು ಎತ್ತಿಕೊಂಡಿತು. ಎರಡು ಕಾಗೆಗಳೂ ಮೊದಲೇ ಮಾತಾಡಿಕೊಂಡಿದ್ದವೆಂದೇ ನನ್ನ ನಂಬಿಕೆ. ಇನ್ನೊಂದು ಮರಿ ಚಳಿಗೆ ಸತ್ತಿತು, ಅದಕ್ಕೆ ಕಾರಣ ನಾನು. ಸಂಜೆ ಗೂಡಿನ ಬಾಗಿಲು ಹಾಕುವಾಗ ಎಣಿಸಲಿಲ್ಲ. ಒಂದು ಮರಿ ತಿಪ್ಪೆಯ ಹಿಂದೆ ಉಳಿದುಹೋಗಿತ್ತು. ರಾತ್ರಿ ಊಟದ ಹೊತ್ತಿನಲ್ಲಿ ಅವ್ವ, "ಮರಿ ಕೂಗ್ತಾ ಅದೆ, ಗಟ್ಟಿಯಾಗಿ ಕೂಗ್ತಾ ಅದೆ, ಅದು ಅವ್ವನ ಹತ್ತಿರ ಇರೋ ಮರಿ ಕೂಗಲ್ಲ" ಎಂದು ಎರಡು ಸಲ ಅಂದಳು. ನಾನು ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. "ಎಲ್ಲ ಒಳಗಿವೆ ಅವ್ವ" ಎಂದೆ. ಬೆಳಿಗ್ಗೆ ನನ್ನ ಮಗಳು ಅದನ್ನು ಅಂಗೈಯಲ್ಲಿ ತಂದು ತೋರಿಸಿದಳು. ಅವ್ವ ನನಗೆ ಏನೂ ಅನ್ನಲಿಲ್ಲ. ಅಂದು ಇಡೀ ದಿನ ಮೆಟ್ಟಿಲಿಗೆ ಬರಲಿಲ್ಲ. ಅಂದಿನಿಂದ ದಿನವೂ ಎಣಿಸುತ್ತೇನೆ.

ಇದಕ್ಕೆ ಮುಂಚೆ, ಏಳನೆಯ ದಿನ, ಕೊಕ್ಕರೆ ರೋಗದ ಲಸಿಕೆ ಹಾಕಿಸಿದ್ದೆ. 1920ರ ದಶಕದಲ್ಲಿ ಕುಮಾವೂನಿನ ಬೆಟ್ಟದೂರಿನಲ್ಲಿ ಕಂಡದ್ದರಿಂದ ಇದಕ್ಕೆ ರಾಣಿಖೇತ ರೋಗವೆಂದೂ ಹೆಸರು. ಬಂದರೆ ಊರಿನ ಕೋಳಿಯೆಲ್ಲ ಒಂದೇ ವಾರದಲ್ಲಿ ಹೋಗುತ್ತವೆ. ನಮ್ಮ ಊರಿನಲ್ಲಿ ನಾನು ಕಂಡಿದ್ದೇನೆ. ಲಸಿಕೆ ಮರಿಯ ಕಣ್ಣಿಗೆ ಒಂದು ತೊಟ್ಟು, ಅಷ್ಟೆ. ಆದರೆ ಸೀಸೆ ನೂರು ಕೋಳಿಗೆ ಆಗುವಷ್ಟು. ಕಲಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಮರಿಗೆ ನೂರು ತೊಟ್ಟು! ಟೀಚರಮ್ಮ ಬೀದಿಯಲ್ಲಿ ಒಂದು ಕೂಗು ಹಾಕಿದರು. ಕೋಳಿ ಸಾಕಿದ ಆರು ಮನೆಯವರು ಬುಟ್ಟಿ ಹೊತ್ತು ಬಂದರು. ಬಾಡಿಗೆದಾರನಾಗಿ ಇಷ್ಟು ವರ್ಷ ತಲೆತಗ್ಗಿಸಿ ನಡೆದ ಬೀದಿಯಲ್ಲಿ ಅಂದಿನಿಂದ ನನಗೆ "ಕನ್ನಡ ಡಾಕ್ಟರುಗಾರು" ಎಂದು ಹೆಸರು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಕೋಳಿಮರಿ ಕಣ್ಣಿಗೆ ಏಳೇ ದಿನಕ್ಕೆ ಔಷಧ. ನನ್ನ ಕಣ್ಣಿಗೆ ಇನ್ನೂ ಎಷ್ಟು ತಿಂಗಳೋ" ಅಂದಳು.

ಜನವರಿ ಕೊನೆಯ ವಾರ ಸಕ್ಕರೆ ಹದಕ್ಕೆ ಬಂತು; ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಮಾರನೆಯ ದಿನ ಪಟ್ಟಿ ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಬಂದವಳು ಒಳಕ್ಕೂ ಹೋಗದೆ ಹಿತ್ತಿಲಿಗೆ ನಡೆದಳು. ಮರಿಗಳನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಆರೂ ಪುಕ್ಕ ತುಂಬಿ ಬೆಳೆದಿದ್ದವು. ದೊಡ್ಡಕ್ಕನ ಮೊಟ್ಟೆಯದೊಂದು ಕೆಂಚಿಯ ಮುಕ್ಕಾಲು ಗಾತ್ರವಾಗಿ, ಇನ್ನೂ ಅದರ ರೆಕ್ಕೆಯಡಿಗೆ ತಲೆ ತೂರಿಸಿ, ಕೆಂಚಿಯನ್ನೇ ಎತ್ತಿ ನಿಲ್ಲಿಸುತ್ತಿತ್ತು.

ಅದಾಗಿ ಐದಾರು ದಿನಕ್ಕೆ ಕೆಂಚಿಯ ಜುಟ್ಟು ಮತ್ತೆ ಕೆಂಪಾಯಿತು. ಒಂದು ಬೆಳಿಗ್ಗೆ ಆ ದೊಡ್ಡ ಮರಿ ಎಂದಿನಂತೆ ಅದರ ಕೊಕ್ಕಿನ ಬಳಿ ಓಡಿಬಂತು. ಕೆಂಚಿ ಅದರ ನೆತ್ತಿಗೆ ಫಟ್ಟನೆ ಕುಕ್ಕಿತು. ಮರಿ ತಪ್ಪಾಯಿತೇನೋ ಎಂಬಂತೆ ನಿಂತು, ಮತ್ತೆ ಬಂತು. ಮತ್ತೆ ಕುಕ್ಕಿತು. ಮಧ್ಯಾಹ್ನದ ಹೊತ್ತಿಗೆ ಆರನ್ನೂ ಓಡಿಸಿತ್ತು. ಮಗಳು ಅಳುತ್ತ ಅಜ್ಜಿಯ ಬಳಿ ಹೋದಳು.

"ಅಜ್ಜಿ, ಕೆಂಚಿಗೆ ಹುಚ್ಚು ಹಿಡಿದಿದೆ. ತನ್ನ ಮಕ್ಕಳನ್ನೇ ಹೊಡೀತಿದೆ."

"ಹುಚ್ಚಲ್ಲ ಕಣವ್ವ. ಅದು ಮತ್ತೆ ಮೊಟ್ಟೆ ಇಡಬೇಕಲ್ಲ. ಅವು ದೊಡ್ಡವಾದವು."

"ಅವಕ್ಕೆ ಗೊತ್ತಾಗಲ್ವಲ್ಲ!"

"ಗೊತ್ತಾಗ್ತದೆ. ನಾಕು ದಿನ."

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಬೇಕೋ ಬೇಡವೋ, ಒಂದು ಮಾತು ಹನ್ನೆರಡು ವರ್ಷದಿಂದ ನನ್ನಲ್ಲಿತ್ತು. ಹೈದರಾಬಾದಿನ ನೇಮಕದ ಕಾಗದ ಬಂದಾಗ ನಾನು ಬೇಡವೆಂದಿದ್ದೆ. ಬೆಂಗಳೂರಿನದು ಬರಬಹುದು, ಒಂದು ವರ್ಷ ಕಾಯುತ್ತೇನೆ, ನಿನ್ನ ಜೊತೆ ಇರುತ್ತೇನೆ ಎಂದಿದ್ದೆ. ಅವ್ವ ನನ್ನ ಟ್ರಂಕನ್ನೂ ಹಾಸಿಗೆಯನ್ನೂ ತಂದು ಜಗುಲಿಯ ಮೇಲಿಟ್ಟು, "ಇಲ್ಲಿ ನಿನಗೇನು ಇಟ್ಟದೆ? ಹೋಗು" ಅಂದಳು. ಬಸ್ಸಿನವರೆಗೂ ಬರಲಿಲ್ಲ. ಮೊದಲ ರಜಕ್ಕೆ ಊರಿಗೆ ಹೋದರೆ, ಕಾಲಿಗೆ ನೀರು ಕೊಡುವ ಮುಂಚೆಯೇ, "ಎಷ್ಟು ದಿನ ರಜಾ?" ಎಂದು ಕೇಳಿದಳು. ನಾನು ಎಂಟು ದಿನ ಎಂದಿದ್ದವನು ನಾಲ್ಕಕ್ಕೇ ಹಿಂತಿರುಗಿದೆ. ಆಮೇಲೆ ದುಡ್ಡು ಕಳಿಸುವುದು ತಪ್ಪಿಸಲಿಲ್ಲ, ಹೋಗುವುದು ಕಡಿಮೆಯಾಯಿತು.

ಮಗಳು ಒಳಕ್ಕೆ ಹೋದ ಮೇಲೆ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಕೇಳಿಯೇಬಿಟ್ಟೆ: "ಅವ್ವ, ನಾನು ಕೆಲಸಕ್ಕೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಯಾಕೆ ಬರಲಿಲ್ಲ?"

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಕನ್ನಡಕ ತೆಗೆಯಬಾರದೆಂದು ಡಾಕ್ಟರು ಹೇಳಿದ್ದರು.

"ಅವತ್ತು ನೀರಿನ ಸರದಿ ನಮ್ದು ಕಣಪ್ಪ. ನಾಲೆ ಹತ್ರ ಯಾರಾದ್ರೂ ಇರ್ಬೇಕಾಗಿತ್ತು. ಬಿಟ್ಟಿದ್ರೆ ಪೈರು ಒಣಗ್ತಿತ್ತು."

"ಹೌದಾ" ಎಂದೆ. ನಾನು ಕೆಲಸಕ್ಕೆ ಸೇರಿದ್ದು 2011ರ ಮೇ ತಿಂಗಳಲ್ಲಿ. ಮೇ ತಿಂಗಳಲ್ಲಿ ನಮ್ಮೂರಿನ ನಾಲೆಯಲ್ಲಿ ಕಪ್ಪೆಗೂ ನೀರಿರುವುದಿಲ್ಲ, ಗದ್ದೆಯಲ್ಲಿ ಪೈರೂ ಇರುವುದಿಲ್ಲ. ಲೆಕ್ಕಪತ್ರ ನೋಡುವುದೇ ಉದ್ಯೋಗವಾದವನಿಗೆ ಇಂಥವು ಬೇಡವೆಂದರೂ ಹೊಳೆಯುತ್ತವೆ. ಆದರೆ ಪ್ರತಿಯೊಂದು ಲೆಕ್ಕಕ್ಕೂ ಆಕ್ಷೇಪಣೆ ಬರೆಯಬೇಕೆಂದೇನೂ ಇಲ್ಲ. ಕನ್ನಡಕವನ್ನು ಅವಳ ಕೈಯಿಂದ ತೆಗೆದುಕೊಂಡು ಮೂಗಿನ ಮೇಲೆ ಇಟ್ಟೆ.

ಮರಿಗಳು ನಾಲ್ಕು ದಿನ ಗುಂಪಾಗಿ ಅಲೆದವು. ಮಂದೆಯವು ಅವುಗಳನ್ನು ಕುಕ್ಕಿದವು, ಆದರೆ ಮನೆಯವರನ್ನು ಕುಕ್ಕುವಷ್ಟೇ ಕುಕ್ಕಿದವು, ಹೊರಗಿನವರೆಂದು ಅಟ್ಟಲಿಲ್ಲ. ಹುಟ್ಟಿದಂದಿನಿಂದ ಅವುಗಳ ಕಣ್ಣೆದುರೇ ತಿರುಗಾಡಿದವಲ್ಲ, ಸರದಿಯಲ್ಲಿ ತಾವಾಗಿ ಒಂದೊಂದು ಜಾಗ ಹಿಡಿದವು. ಕೆಂಚಿ ಮಾತ್ರ ಹಳೆಯ ಜಾಗಕ್ಕೆ ಮರಳಲಿಲ್ಲ. ಈಗ ಅದು ಎರಡನೆಯದು. ಚಿಕ್ಕಕ್ಕನೂ ಚುಕ್ಕಿಯೂ ಅದಕ್ಕೆ ದಾರಿ ಬಿಡುತ್ತವೆ. ಆರರಲ್ಲಿ ಮೂರು ಹುಂಜಗಳು. ಒಂದು ಹಿತ್ತಿಲಿಗೆ ನಾಲ್ಕು ಹುಂಜ ಹೆಚ್ಚೆಂಬುದು ಎಲ್ಲರಿಗೂ ತಿಳಿದದ್ದೆ. ಆ ವಿಷಯ ಮುಂದೇನಾಯಿತೆಂದು ಇಲ್ಲಿ ಬರೆಯುವುದಿಲ್ಲ. ನನ್ನ ಮಗಳು ಈ ಪತ್ರಿಕೆಯನ್ನು ಓದುತ್ತಾಳೆ.

ಫೆಬ್ರವರಿಯಲ್ಲಿ ಅವ್ವ ಹೊರಟ ದಿನಕ್ಕೆ ಇನ್ನೂ ಎಲ್ಲವೂ ಇದ್ದವು. ಇನ್ನೊಂದು ಕಣ್ಣು ಯುಗಾದಿಯ ನಂತರ ನೋಡೋಣವೆಂದಳು. ಸಂಘದ ಮಿತ್ರರೊಬ್ಬರ ಸಂಸಾರ ಅದೇ ರೈಲಿನಲ್ಲಿ ಹೊರಟಿತ್ತು. ಕಾಚಿಗುಡದಲ್ಲಿ ಹತ್ತಿಸಿ, ಸಾಮಾನು ಇಟ್ಟು, ಕಿಟಕಿಯ ಬಳಿ ನಿಂತೆ. ಹೊತ್ತು ಮುಳುಗಿತ್ತು.

"ಇನ್ನೂ ಯಾಕೆ ನಿಂತಿದೀಯ? ಗೂಡಿನ ಬಾಗಿಲು ಹಾಕಿದೀಯೋ ಇಲ್ವೋ. ಹೋಗು" ಅಂದಳು.

ನಿಜಕ್ಕೂ ಹಾಕಿರಲಿಲ್ಲ. ಆದರೂ ರೈಲು ಹೊರಡುವವರೆಗೆ ನಿಂತೇ ಇದ್ದೆ. ಅವಳೂ ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಮನೆಗೆ ಬರುವಾಗ ಎಂಟೂವರೆ ಮೀರಿತ್ತು. ಬಾಗಿಲನ್ನು ಮಗಳು ಹಾಕಿದ್ದಳು. ಆದರೂ ತೆರೆದು ಟಾರ್ಚು ಹಿಡಿದು ಎಣಿಸಿದೆ. ಅಡ್ಡಗಳುವಿನ ಮೇಲೆ ಒಂದು ಕೊನೆಯಲ್ಲಿ ಹುಂಜ, ಅದರ ಪಕ್ಕ ದೊಡ್ಡಕ್ಕ, ಆಮೇಲೆ ಕೆಂಚಿ. ಉಳಿದವು ಒತ್ತಾಗಿ. ಆ ದೊಡ್ಡ ಮರಿ ಕೆಂಚಿಗೆ ಆತು ಕುಳಿತಿತ್ತು, ಕುಕ್ಕಲಿಲ್ಲ, ರಾತ್ರಿಯಲ್ಲವೆ. ಹನ್ನೊಂದೂ ಇದ್ದವು.